ಅತ್ತೆ–ಮಾವ ಘಾನಾಕ್ಕೆ ಹೊರಟಿದ್ದಾರೆ, ಬಾಣಂತನಕ್ಕೆ ಯಾರು?

ಪ್ರಶ್ನೆ: ನಾನು ಮೈಸೂರಿನವಳು. ಗಂಡ ಅಮೆರಿಕದವರು. ಮದುವೆಯಾಗಿ ಏಳು ವರ್ಷವಾಯಿತು, ಯೂಟಾ ರಾಜ್ಯದ ಓರೆಮ್‌ನಲ್ಲಿದ್ದೇವೆ. ಅವರ ಮನೆಯವರೆಲ್ಲ ಮಾರ್ಮನ್ ಎಂದು ಜನ ಕರೆಯುವ ಸಭೆಯವರು. ನಾನು ಸೇರಿಲ್ಲ, ಸೇರು ಎಂದು ಅವರೂ ಒತ್ತಾಯ ಮಾಡಿಲ್ಲ. ಅತ್ತೆ–ಮಾವನ ಮನೆ ಹತ್ತು ನಿಮಿಷದ ದಾರಿ. ನನ್ನ ನಾಲ್ಕು ವರ್ಷದ ಮಗಳು ಬೆಳೆದದ್ದೇ ಅತ್ತೆಯ ಮಡಿಲಲ್ಲಿ.

ಈಗ ಅವರಿಬ್ಬರಿಗೂ ಸಭೆಯಿಂದ ಮಿಷನ್ ಕರೆ, ಅಂದರೆ ಧರ್ಮಸೇವೆಗೆ ಹೋಗುವ ಕರೆ, ಬಂದಿದೆ. ಘಾನಾದ ಅಕ್ರಾದಲ್ಲಿ 18 ತಿಂಗಳು, ಮಿಷನ್ ಕಚೇರಿಯ ಕೆಲಸ. ಜನವರಿ ಕೊನೆಗೆ ಹೊರಡಬೇಕಂತೆ. ನನ್ನ ಎರಡನೇ ಹೆರಿಗೆ ಮಾರ್ಚ್ ಮೊದಲ ವಾರ. ಅವರು ಅರ್ಜಿ ಹಾಕಿದಾಗ ನಾನು ಬಸುರಿ ಎಂದು ನಮಗೇ ತಿಳಿದಿರಲಿಲ್ಲ. ಮಾವನಿಗೆ 68, ಸಕ್ಕರೆ ಕಾಯಿಲೆ ಇದೆ. ಅತ್ತೆಗೆ 66. ಖರ್ಚೆಲ್ಲ ಅವರ ಉಳಿತಾಯದಿಂದಲೇ. ಮೊದಲ ಬಾಣಂತನಕ್ಕೆ ನನ್ನಮ್ಮ ಬಂದು ಐದು ತಿಂಗಳಿದ್ದರು. ಅಪ್ಪನಿಗೆ ಪಾರ್ಶ್ವವಾಯು ಆದಮೇಲೆ ಎರಡು ತಿಂಗಳಿಗಿಂತ ಹೆಚ್ಚು ಅವರನ್ನು ಬಿಟ್ಟಿರಲಾರರು. "ಮೊಮ್ಮಗು ಹುಟ್ಟೋ ಹೊತ್ತಿಗೆ ಮನೆ ಬಿಟ್ಟು ಯಾರಾದ್ರೂ ದೇಶಾಂತರ ಹೋಗ್ತಾರೇನೇ?" ಎಂದು ಫೋನಿನಲ್ಲಿ ಕೇಳುತ್ತಾರೆ. ಗಂಡನಿಗೆ ಹೇಳಿದರೆ "ಒಂದೂವರೆ ವರ್ಷ ತಾನೇ" ಅನ್ನುತ್ತಾರೆ. ಅತ್ತೆಗೇ ಹೇಳೋಣವೆಂದರೆ, ಬೇರೆ ಧರ್ಮದ ಸೊಸೆ ದೇವರ ಕೆಲಸಕ್ಕೆ ಅಡ್ಡ ಬಂದಳು ಎಂದಾಗುತ್ತದೆ. ನಾನು ಸ್ವಾರ್ಥಿಯೇ?

— ಹೆಸರು ಬೇಡ, ಓರೆಮ್

ಉತ್ತರ: ಅಲ್ಲ. ಹೆರಿಗೆಯ ದಿನಗಳಲ್ಲಿ ಅನುಭವಸ್ಥ ಹೆಂಗಸೊಬ್ಬರು ಮನೆಯಲ್ಲಿರಲಿ ಎಂದು ಬಯಸುವುದು ಸ್ವಾರ್ಥವಾದರೆ ಲೋಕದಲ್ಲಿ ಸ್ವಾರ್ಥಿಯಲ್ಲದ ತಾಯಿಯೇ ಇಲ್ಲ. ನಿಮ್ಮ ಪತ್ರದಲ್ಲಿ ನನಗೆ ಕಳವಳ ಹುಟ್ಟಿಸಿದ್ದು ಅವರು ಹೊರಟಿರುವುದಲ್ಲ, ಇಷ್ಟು ದಿನವೂ ನೀವು ಬಾಯಿ ಮುಚ್ಚಿಕೊಂಡು ಕೂತಿರುವುದು.

ಮೊದಲು ಗಂಡನ ಮಾತನ್ನು ನೋಡೋಣ. "ಒಂದೂವರೆ ವರ್ಷ ತಾನೇ" ಎನ್ನುವವರು ಕಲ್ಲುಮನಸ್ಸಿನವರು ಎಂದುಕೊಳ್ಳಬೇಡಿ. ಆ ಸಭೆಯ ಗಂಡುಮಕ್ಕಳು ಹತ್ತೊಂಬತ್ತರ ಆಸುಪಾಸಿನಲ್ಲಿ ಎರಡು ವರ್ಷ ಮಿಷನ್‌ಗೆ ಹೋಗುವುದು ರೂಢಿ. ನಿಮ್ಮವರೂ ಹೋಗಿರಬಹುದು, ಕೇಳಿ. 2019ರ ಫೆಬ್ರವರಿಗೆ ಮುಂಚೆ ಹಾಗೆ ಹೋದ ಹುಡುಗರು ಮನೆಗೆ ಫೋನ್ ಮಾಡುತ್ತಿದ್ದುದು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ. ವಾರಕ್ಕೊಮ್ಮೆ ಮಾತಾಡಬಹುದು ಎಂಬ ನಿಯಮ ಬಂದದ್ದು ಆಮೇಲೆ. ಎರಡು ವರ್ಷ ಮಗನ ಮುಖ ನೋಡದೆ ಇದ್ದ ತಾಯಿಗೂ, ತಾಯಿಯ ಮುಖ ನೋಡದೆ ಇದ್ದ ಮಗನಿಗೂ ಹದಿನೆಂಟು ತಿಂಗಳು ಹೇಗೆ ಕಾಣುತ್ತದೆ ಎಂದು ಯೋಚಿಸಿ. ಬಾಣಂತನಕ್ಕೆ ತವರಿನಿಂದ ಅಮ್ಮ ಬಂದೇ ಬರುತ್ತಾರೆ ಎಂಬ ನಂಬಿಕೆಯಲ್ಲಿ ಬೆಳೆದವರು ನೀವು. ಇಬ್ಬರ ಅಳತೆಗೋಲೂ ಬೇರೆ. ನಿಮ್ಮದನ್ನು ನೀವು ಬಿಡಿಸಿ ಹೇಳದಿದ್ದರೆ ಅವರಿಗೆ ಅದು ತಿಳಿಯುವುದಿಲ್ಲ.

ಇನ್ನು ಅತ್ತೆ. ಹಿರಿಯ ದಂಪತಿಗಳ ಮಿಷನ್ ಎನ್ನುವುದು ಏಕಾಏಕಿ ಮಾಡುವ ತೀರ್ಮಾನವಲ್ಲ. ಮಕ್ಕಳು ನೆಲೆ ನಿಂತು, ಕೆಲಸದಿಂದ ನಿವೃತ್ತಿಯಾದ ಮೇಲೆ ಹೋಗಬೇಕೆಂದು ಅನೇಕರು ವರ್ಷಗಟ್ಟಲೆ ಹಣ ಕೂಡಿಡುತ್ತಾರೆ. ಆ ತಲೆಮಾರಿನ ಹೆಣ್ಣುಮಕ್ಕಳಿಗೆ ಮಿಷನ್‌ಗೆ ಹೋಗಲು 21 ತುಂಬಿರಬೇಕಿತ್ತು. ಅಷ್ಟರೊಳಗೆ ಎಷ್ಟೋ ಜನರ ಮದುವೆ ಆಗಿಬಿಡುತ್ತಿತ್ತು. ನಿಮ್ಮತ್ತೆ ನಲವತ್ತು ವರ್ಷದಿಂದ ಈ ಅವಕಾಶಕ್ಕೆ ಕಾದಿರಬಹುದೇ? ಒಂದು ಮಧ್ಯಾಹ್ನ ಅವರ ಜೊತೆ ಕೂತು ಇದನ್ನೇ ಕೇಳಿ. ವಾದಕ್ಕಾಗಿ ಅಲ್ಲ, ನಿಜವಾಗಿ ತಿಳಿಯುವುದಕ್ಕೆ. ಮಗಳನ್ನು ಮಡಿಲಲ್ಲಿಟ್ಟುಕೊಂಡು ಬೆಳೆಸಿದ ಆ ಹೆಂಗಸಿಗೆ ಅಜ್ಜಿ ಎಂಬುದರ ಹೊರತಾಗಿಯೂ ಒಂದು ಬಯಕೆ ಇರಬಹುದು. ಅದನ್ನು ಕೇಳಿಸಿಕೊಂಡ ಮೇಲೆ ನಿಮ್ಮ ಬೇಡಿಕೆಯನ್ನು ಹೇಳುವ ರೀತಿಯೇ ಬದಲಾಗುತ್ತದೆ.

ಆದರೆ ಬೇಡಿಕೆಯನ್ನು ಕೈಬಿಡಬೇಡಿ. ಇಲ್ಲಿ ನಿಮಗೆ ಒಂದು ಹಳೆಯ ಪ್ರಸಂಗ ಹೇಳಬೇಕು. ಆ ಸಭೆಯ ಎರಡನೇ ಅಧ್ಯಕ್ಷರಾದ ಬ್ರಿಗಮ್ ಯಂಗ್ 1839ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಮಿಷನ್‌ಗೆ ಹೊರಟರು. ಅವರಿಗೂ ಜ್ವರ, ಮನೆಯವರಿಗೂ ಜ್ವರ. ಹೆಂಡತಿ ಮೇರಿ ಆನ್ ಹೆತ್ತು ಹತ್ತೇ ದಿನವಾಗಿತ್ತು. ಅವರ ಜೊತೆಗೆ ಹೊರಟ ಹೀಬರ್ ಕಿಂಬಲ್ ಅವರ ಹೆಂಡತಿಯೂ ಎಳೆಗೂಸಿನೊಡನೆ ಕಾಯಿಲೆಯಲ್ಲಿ ಮಲಗಿದ್ದರು. ಹಾಗೆ ಹೊರಟುಹೋದದ್ದನ್ನು ನಿಷ್ಠೆಯ ದೊಡ್ಡ ನಿದರ್ಶನವೆಂದು ಆ ಸಭೆಯಲ್ಲಿ ಇಂದಿಗೂ ಹೇಳುತ್ತಾರೆ. ನಿಮ್ಮ ಗಂಡ ಚಿಕ್ಕಂದಿನಿಂದ ಕೇಳಿರುವ ಕಥೆ ಅದು.

ನಮಗೂ ಅಂಥದ್ದೊಂದು ಗೊತ್ತು. ಜರ್ಮನ್ ಮಿಷನರಿ ಕಿಟೆಲ್ ಅವರ ನಿಘಂಟು ಇಲ್ಲದ ಕನ್ನಡ ಓದುಗರ ಮನೆಯನ್ನು ನಾನು ಊಹಿಸಿಕೊಳ್ಳಲಾರೆ. ಅದನ್ನು ಮುಗಿಸಲೆಂದು ಅವರು 1883ರಲ್ಲಿ ಮತ್ತೆ ಇಲ್ಲಿಗೆ ಬಂದಾಗ ಐವತ್ತು ದಾಟಿತ್ತು. ಹೆಂಡತಿ ಯೂಲಿಯೆ, ಮಕ್ಕಳು ಜರ್ಮನಿಯಲ್ಲೇ ಉಳಿದರು. ವರ್ಷಗಟ್ಟಲೆ ಅವರು ಅಲ್ಲಿ, ಇವರು ಇಲ್ಲಿ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಗ್ರಂಥಕ್ಕೆ ನಾವೆಲ್ಲ ಋಣಿಗಳು, ಆದರೆ ಯೂಲಿಯೆ ಆ ವರ್ಷಗಳನ್ನು ಹೇಗೆ ಕಳೆದರು ಎಂದು ಕೇಳಿದವರು ಎಷ್ಟು ಜನ?

ಹೋದವರ ಹೆಸರು ಉಳಿಯುತ್ತದೆ, ಮನೆಯಲ್ಲಿ ನಿಂತು ಅದರ ಬೆಲೆ ತೆತ್ತವರ ಹೆಸರು ಉಳಿಯುವುದಿಲ್ಲ. ನಿಮ್ಮ ಮನೆಗೆ ಬಂದ ಕರೆಯ ಪತ್ರದಲ್ಲಿ ಎರಡು ಹೆಸರಿದೆ. ಅದರ ಭಾರ ಹೊರುವವರು ಐದು ಮಂದಿ, ಮಾರ್ಚ್ ಬಂದರೆ ಆರು. ಹಾಗಾದ ಮೇಲೆ ಈ ಮಾತುಕತೆಯಲ್ಲಿ ನಿಮಗೂ ಜಾಗ ಬೇಕು, ಅದನ್ನು ಕೇಳಿ ಪಡೆಯುವುದರಲ್ಲಿ ತಪ್ಪೇನಿಲ್ಲ. ಆ ಸಭೆಗೆ ನೀವು ಸೇರಿದ್ದೀರೋ ಇಲ್ಲವೋ ಎಂಬುದಕ್ಕೂ ಇದಕ್ಕೂ ಸಂಬಂಧವಿಲ್ಲ. "ಹೋಗಬೇಡಿ" ಎಂದರೆ ಧರ್ಮಕ್ಕೆ ಅಡ್ಡಿಯಾದೀತು. "ಹೋಗುವ ಮುಂಚೆ ನನ್ನ ಹೆರಿಗೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ" ಎಂಬುದು ಮನೆಯ ಮಾತು, ಅದನ್ನು ಆಡುವ ಹಕ್ಕು ಸೊಸೆಗೆ ಇದ್ದೇ ಇದೆ.

ಏನು ಕೇಳಬಹುದು? ನಿಮಗೆ ತಿಳಿದಿದೆಯೋ ಇಲ್ಲವೋ, ಹಿರಿಯ ದಂಪತಿಗಳಿಗೆ ಎಳೆಯ ಮಿಷನರಿಗಳಷ್ಟು ಕಟ್ಟುಪಾಡು ಇಲ್ಲ. 6, 12, 18, 23 ತಿಂಗಳು ಎಂದು ಅವಧಿಯನ್ನು ಅವರೇ ಆರಿಸಿಕೊಳ್ಳುತ್ತಾರೆ. ಯಾವಾಗಿನಿಂದ ಹೊರಡಲು ಸಿದ್ಧ ಎಂಬುದನ್ನೂ ಅರ್ಜಿಯಲ್ಲಿ ಅವರೇ ಬರೆದಿರುತ್ತಾರೆ. ಆಗ ನೀವು ಬಸುರಿ ಎಂದು ಯಾರಿಗೂ ಗೊತ್ತಿರಲಿಲ್ಲ, ಈಗ ಗೊತ್ತಿದೆ. ಹಾಗಾಗಿ ಹೊರಡುವ ದಿನವನ್ನು ಏಪ್ರಿಲ್‌ವರೆಗೆ ಮುಂದೂಡಬಹುದೇ ಎಂದು ಅವರ ಬಿಷಪ್ ಮತ್ತು ಬಿಷಪ್‌ರ ಮೇಲಿನ ಸ್ಟೇಕ್ ಅಧ್ಯಕ್ಷರ ಮೂಲಕ ಕೇಳಿಕೊಳ್ಳುವಂತೆ ಅತ್ತೆ–ಮಾವನಿಗೆ ಹೇಳಿ. ಮುಂದೂಡಿಕೆ ಸಿಕ್ಕರೆ ಹೆರಿಗೆಯ ಹೊತ್ತಿಗೆ ಅತ್ತೆ ಇರುತ್ತಾರೆ, ಅವರು ಹೊರಡುವಾಗ ನಿಮ್ಮಮ್ಮ ಬರಲಿ. ಇಬ್ಬರೂ ಒಂದೇ ತಿಂಗಳಲ್ಲಿ ಇದ್ದು ಆಮೇಲೆ ಇಬ್ಬರೂ ಇಲ್ಲದಂತೆ ಆಗುವುದಕ್ಕಿಂತ ಅದು ಎಷ್ಟೋ ವಾಸಿ. ಸಿಗದಿದ್ದರೆ ಅಮ್ಮನ ಟಿಕೆಟ್ ಫೆಬ್ರವರಿ ಕೊನೆಗೆ ಇರಲಿ, ಗಂಡನ ರಜೆಯನ್ನು ಅಮ್ಮ ಹಿಂದಿರುಗಿದ ಮೇಲಿನ ವಾರಗಳಿಗೆ ಇಟ್ಟುಕೊಳ್ಳಿ. ಮೊದಲ ವಾರವೇ ರಜೆಯನ್ನೆಲ್ಲ ಖರ್ಚು ಮಾಡಿಬಿಡುವ ಗಂಡಂದಿರು ಬಹಳ.

ಮನೆಯಲ್ಲಿ ತುರ್ತಿನ ಸಂದರ್ಭ ಬಂದರೆ ಮಿಷನ್ ಅಧ್ಯಕ್ಷರ ಒಪ್ಪಿಗೆ ಪಡೆದು, ಸ್ವಂತ ಖರ್ಚಿನಲ್ಲಿ ಕೆಲವು ದಿನಗಳ ಮಟ್ಟಿಗೆ ಬಂದುಹೋಗುವ ಅವಕಾಶ ಹಿರಿಯರಿಗೆ ಇರುತ್ತದೆ. ಅದರ ವಿವರವನ್ನು ಹೊರಡುವ ಮುಂಚೆಯೇ ಕೇಳಿಟ್ಟುಕೊಳ್ಳಲಿ.

ಆರೋಗ್ಯದ ವಿಷಯದಲ್ಲಿ ನಿಮ್ಮ ಆತಂಕಕ್ಕೆ ಆಧಾರವಿದೆ, ಇದನ್ನು ಗಂಡನೂ ಗಂಭೀರವಾಗಿ ತೆಗೆದುಕೊಳ್ಳಬೇಕು. ಘಾನಾ ಪ್ರವೇಶಕ್ಕೆ ಹಳದಿ ಜ್ವರದ ಲಸಿಕೆಯ ಪ್ರಮಾಣಪತ್ರ ಕಡ್ಡಾಯ, ಅದು ಚುಚ್ಚಿಸಿಕೊಂಡ ಹತ್ತು ದಿನದ ನಂತರವೇ ಊರ್ಜಿತವಾಗುತ್ತದೆ. ಅರವತ್ತು ದಾಟಿದವರು ಆ ಲಸಿಕೆಯನ್ನು ಮೊದಲ ಸಲ ಹಾಕಿಸಿಕೊಳ್ಳುವಾಗ ಗಂಭೀರ ಅಡ್ಡಪರಿಣಾಮದ ಅಪಾಯ ಎಳೆಯರಿಗಿಂತ ಹೆಚ್ಚು. ಆದ್ದರಿಂದ ಔಷಧಿ ಅಂಗಡಿಯಲ್ಲಿ ಅವಸರದಲ್ಲಿ ಚುಚ್ಚಿಸಿಕೊಂಡು ಬರುವುದು ಬೇಡ, ಪ್ರವಾಸ ವೈದ್ಯರನ್ನು ಕಂಡು ಮಾವನ ಸಕ್ಕರೆ ಕಾಯಿಲೆ, ಮಾತ್ರೆಗಳೆಲ್ಲವನ್ನೂ ಹೇಳಿ ನಿರ್ಧರಿಸಲಿ. ಮಲೇರಿಯಾ ತಡೆಯುವ ಮಾತ್ರೆಯ ವಿಚಾರವೂ ಅಲ್ಲೇ ಇತ್ಯರ್ಥವಾಗಲಿ. ಹಿರಿಯರಿಗಾಗಿ ಇರುವ ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ ಸಾಮಾನ್ಯವಾಗಿ ದೇಶದ ಹೊರಗಿನ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಹೊರದೇಶದಲ್ಲಿ ಇರುವಷ್ಟು ದಿನ ಯಾವ ವಿಮೆ, ಯಾವ ಆಸ್ಪತ್ರೆ ಎಂಬುದು ಕಾಗದದಲ್ಲಿ ಬರೆದು ನಿಮ್ಮ ಮನೆಯಲ್ಲೂ ಒಂದು ಪ್ರತಿ ಇರಬೇಕು. ಹೇಗೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲವೆಂದು ಮೆಡಿಕೇರಿನ ಬಿ ಭಾಗವನ್ನು ಕೈಬಿಟ್ಟರೆ, ಮರಳಿ ಸೇರುವಾಗ ಬಿಟ್ಟ ಪ್ರತಿ ಹನ್ನೆರಡು ತಿಂಗಳಿಗೆ ಶೇ 10ರಂತೆ ಕಂತಿನ ಹಣ ಹೆಚ್ಚಾಗಬಹುದು. ಹೊರದೇಶದಲ್ಲಿ ಸೇವೆಗೆ ಹೋದವರಿಗೆ ಷರತ್ತಿನ ಮೇಲೆ ವಿನಾಯಿತಿಯೂ ಇದೆ, ಕೇಳಿ ತಿಳಿದ ಮೇಲಷ್ಟೇ ಯಾವುದಕ್ಕೂ ಸಹಿ ಹಾಕಲಿ.

ಖರ್ಚಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ಅವರ ದುಡಿಮೆಯ ಹಣ. ವಸತಿ ಖರ್ಚಿಗೆ ತಿಂಗಳಿಗೆ 1,400 ಡಾಲರ್‌ಗಿಂತ ಹೆಚ್ಚು ಭಾರ ಬೀಳದಂತೆ ಆ ಸಭೆ 2011ರಲ್ಲೇ ಒಂದು ಮಿತಿ ಹಾಕಿತು. ಉಳಿದದ್ದು ಅವರ ಲೆಕ್ಕ.

ಮಗಳ ವಿಷಯ ಹೇಳಲೇಬೇಕು. ಅಜ್ಜಿ ಎಲ್ಲಿ ಹೋದಳು ಎಂದು ಕೇಳುವ ಮಗುವಿಗೆ "ಬೇಗ ಬರ್ತಾಳೆ" ಎಂದು ಸುಳ್ಳು ಹೇಳಬೇಡಿ. ನಾಲ್ಕು ವರ್ಷದ ಮಗುವಿಗೆ ಹದಿನೆಂಟು ತಿಂಗಳು ಎಂದರೆ ಏನೆಂದು ತಿಳಿಯದು, ಆದರೆ ಅಜ್ಜಿ ದಿನಾ ಇಂಥ ಹೊತ್ತಿಗೆ ಕಾಣುತ್ತಾಳೆ ಎಂಬುದು ಚೆನ್ನಾಗಿ ತಿಳಿಯುತ್ತದೆ. ಅಕ್ರಾದ ಗಡಿಯಾರ ಯೂಟಾಕ್ಕಿಂತ ಚಳಿಗಾಲದಲ್ಲಿ ಏಳು ಗಂಟೆ, ಬೇಸಿಗೆಯಲ್ಲಿ ಆರು ಗಂಟೆ ಮುಂದೆ. ನಿಮ್ಮಲ್ಲಿ ಮಧ್ಯಾಹ್ನ ಒಂದಾದಾಗ ಅವರಿಗೆ ಸಂಜೆ ಏಳೋ ಎಂಟೋ, ಕಚೇರಿ ಮುಗಿದಿರುತ್ತದೆ. ಮಗಳ ಊಟದ ಹೊತ್ತೇ ಅಜ್ಜಿಯ ಹೊತ್ತಾಗಲಿ. ಹಿರಿಯರಿಗೆ ಮನೆಯವರ ಜೊತೆ ಮಾತಾಡಲು ವಾರದ ಲೆಕ್ಕವಿಲ್ಲ. ಹೊರಡುವ ಒಂದು ತಿಂಗಳ ಮುಂಚಿನಿಂದಲೇ, ಅವರು ಹತ್ತು ನಿಮಿಷದ ದೂರದಲ್ಲಿರುವಾಗಲೇ, ಪರದೆಯ ಮೇಲೆ ಅಜ್ಜಿಯನ್ನು ನೋಡುವ ಅಭ್ಯಾಸ ಮಾಡಿಸಿ.

ಇನ್ನೊಂದು ಸಹಾಯ ನಿಮ್ಮ ಬೀದಿಯಲ್ಲೇ ಇದೆ. 1842ರಲ್ಲಿ ಆರಂಭವಾದ ರಿಲೀಫ್ ಸೊಸೈಟಿ ಎಂಬ ಆ ಸಭೆಯ ಮಹಿಳಾ ಸಂಘದವರು ಬಾಣಂತಿ ಇರುವ ಮನೆಗೆ ಸರದಿಯ ಮೇಲೆ ಊಟ ತಂದುಕೊಡುವುದು ಯೂಟಾದಲ್ಲಿ ಸಾಮಾನ್ಯ. ನಾನು ಸದಸ್ಯಳಲ್ಲ, ಹೇಗೆ ತೆಗೆದುಕೊಳ್ಳಲಿ ಎಂದು ಹಿಂಜರಿಯಬೇಡಿ. ಹೊರಡುವ ಮುಂಚೆ ಅತ್ತೆಯೇ ಆ ಹೆಂಗಸರಿಗೆ ನಿಮ್ಮನ್ನು ಒಪ್ಪಿಸಿ ಹೋಗಲಿ, ಅದು ಅವರಿಗೂ ಸಮಾಧಾನ. ಸಸ್ಯಾಹಾರಿಯಾದರೆ ಮೊದಲೇ ಹೇಳಿ. ಮತದ ಮಾತು ಬೇಡವೆನಿಸಿದರೆ ಅದನ್ನೂ ನಗುಮುಖದಿಂದಲೇ ಹೇಳಬಹುದು. ನಿಮ್ಮನ್ನು ಏಳು ವರ್ಷ ಒತ್ತಾಯಿಸದೆ ಗೌರವದಿಂದ ನಡೆಸಿಕೊಂಡ ಮನೆ ಅದು, ಆ ಗೌರವ ಮುಂದೆಯೂ ಸಿಗುತ್ತದೆಂದು ನಂಬಬಹುದು.

ಅಮ್ಮನಿಗೆ ಏನು ಹೇಳುವುದು? ನಿಮ್ಮ ಸಿಟ್ಟಿಗೆ ಅವರ ಸಿಟ್ಟೂ ಸೇರಿಕೊಂಡು ಅತ್ತೆಯ ಮೇಲೆ ತೀರ್ಪು ಹೇಳುವ ಕೆಲಸ ಆಗಬಾರದು. ಅಪ್ಪನ ಆರೈಕೆಗಾಗಿ ಮಗಳ ಬಾಣಂತನವನ್ನು ಎರಡೇ ತಿಂಗಳಿಗೆ ಮುಗಿಸಿ ಹೊರಡಬೇಕಾದ ಸಂಕಟ ನಿಮ್ಮಮ್ಮನದು. ಅತ್ತೆಯದ್ದನ್ನು ಅವರಿಗಿಂತ ಚೆನ್ನಾಗಿ ಬೇರೆ ಯಾರು ಅರ್ಥಮಾಡಿಕೊಂಡಾರು? ಇಬ್ಬರು ಬೀಗಿತ್ತಿಯರೂ ಫೋನಿನಲ್ಲಿ ಒಮ್ಮೆ ನೇರವಾಗಿ ಮಾತಾಡಲಿ, ಭಾಷೆ ಬಾರದಿದ್ದರೆ ನಡುವೆ ನೀವಿರಿ.

ಈ ಪತ್ರವನ್ನು ಮೊದಲು ಗಂಡನಿಗೆ ಕನ್ನಡದಿಂದ ಓದಿ ಹೇಳಿ. ಅತ್ತೆ–ಮಾವನ ಹತ್ತಿರ ಒಬ್ಬರೇ ಹೋಗಬೇಡಿ, ಅವರ ಮಗನೂ ಪಕ್ಕದಲ್ಲಿರಲಿ, ದಿನ ಮುಂದೂಡುವ ಮಾತನ್ನು ಮೊದಲು ಮಗನೇ ಎತ್ತಲಿ. ಈ ತಿಂಗಳಲ್ಲೇ ಆಗಲಿ, ವಿಮಾನದ ಟಿಕೆಟ್ ಕಾಯ್ದಿರಿಸುವ ಮುಂಚೆ. ಏನಾಯಿತೆಂದು ನನಗೆ ಬರೆಯಿರಿ.