ರಾತ್ರಿ ಕೈ ಜೋಮು ಹಿಡಿಯುವವರು ಗಾದಿ, ತಲೆದಿಂಬಿನ ವಿಷಯದಲ್ಲಿ ಮಾಡಬೇಕಾದ್ದು, ಮಾಡಬಾರದ್ದು

ನಿರ್ಣಾದಿಂದ ಹುಮನಾಬಾದ, ಬಸವಕಲ್ಯಾಣದವರೆಗಿನ ಎಲ್ಲ ಮನೆಗಳಿಗೂ ಈ ಸೂಚನೆ. ರೊಟ್ಟಿ ಬಡಿಯುವವರು, ಕುಡುಗೋಲು ಹಿಡಿಯುವವರು, ದಿನವಿಡೀ ಬೈಕ್ ಓಡಿಸುವವರು ತಪ್ಪದೆ ಓದಬೇಕು.

ನಡುರಾತ್ರಿ ಎದ್ದು ಕೂತು, ಮರಗಟ್ಟಿದ ಬಲಗೈಯನ್ನು ಎಡಗೈಯಿಂದ ಎತ್ತಿ ಕೊಡವುತ್ತಿದ್ದ ನನ್ನ ತಾಯಿಯನ್ನು ವರ್ಷಗಟ್ಟಲೆ ನೋಡಿದ್ದೇನೆ. ‘ವಾಯು’ ಎಂದು ಎಣ್ಣೆ ತಿಕ್ಕಿಕೊಂಡು ಮತ್ತೆ ಮಲಗುತ್ತಿದ್ದಳು. ಅದು ವಾಯುವಲ್ಲ, ಒತ್ತಿಗೆ ಸಿಕ್ಕ ನರ. ನರಕ್ಕೂ ರಕ್ತ ಬೇಕು. ಮಣಿಕಟ್ಟೋ ಮೊಣಕೈಯೋ ಗಂಟೆಗಟ್ಟಲೆ ಮಡಚಿಕೊಂಡೇ ಇದ್ದರೆ ನರಕ್ಕೆ ರಕ್ತ ಸಾಲುವುದಿಲ್ಲ, ಜೋಮು ಏಳುತ್ತದೆ.

ಮಾಡಬೇಕಾದ್ದು

ಮೊದಲು ಯಾವ ಬೆರಳು ಎಂದು ಗುರುತಿಸಿ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದರೆ ಮಣಿಕಟ್ಟಿನ ಕಡೆ ನೋಡಿ. ಕಿರುಬೆರಳು ಮತ್ತು ಅದರ ಪಕ್ಕದ್ದಾದರೆ ಮೊಣಕೈ. ಕುತ್ತಿಗೆಯಿಂದ ಸೆಳೆತ ಇಳಿದು ಬರುತ್ತಿದ್ದರೆ ಕುತ್ತಿಗೆ. ಅಲ್ಲಿ ತಲೆದಿಂಬೇ ಮುಖ್ಯ.

ತಲೆದಿಂಬಿನ ಎತ್ತರವನ್ನು ಅಂದಾಜಿನಲ್ಲಿ ಬಿಡಬೇಡಿ, ಅಳೆಯಿರಿ. ಹಳೆಯ ಕೌದಿಯೊಂದನ್ನು ತೆಗೆದುಕೊಂಡು ನಾಲ್ಕು ಮಡಿಕೆ ಮಾಡಿ, ತಲೆ ಕೆಳಗಿಟ್ಟು ಮಗ್ಗುಲಾಗಿ ಮಲಗಿ. ಮನೆಯವರೊಬ್ಬರು ಎದುರು ಕೂತು ನೋಡಲಿ: ಮೂಗು, ಗದ್ದ, ಎದೆಯ ನಡುಭಾಗ ಒಂದೇ ಗೆರೆಯಲ್ಲಿರಬೇಕು. ತಲೆ ಗಾದಿಯ ಕಡೆ ಜೋಲುತ್ತಿದ್ದರೆ ಇನ್ನೊಂದು ಮಡಿಕೆ ಸೇರಿಸಿ. ಮೇಲಕ್ಕೆ ಎದ್ದಿದ್ದರೆ ಒಂದು ಬಿಚ್ಚಿ. ಕಿವಿಯಿಂದ ಭುಜದ ತುದಿಯವರೆಗಿನ ಸಂದು ತುಂಬಿದರೆ ಸಾಕು. ಅಗಲ ಭುಜದ ಗಂಡಸಿಗೆ ಹೊಂದಿದ್ದು ಅವನ ಹೆಂಡತಿಗೆ ಹೊಂದುವುದಿಲ್ಲ. ಇಬ್ಬರಿಗೂ ಬೇರೆ ಬೇರೆ ಮಾಡಿ. ಅಂಗಾತ ಮಲಗುವವರಿಗೆ ಇದಕ್ಕಿಂತ ತೆಳ್ಳಗಿನದು ಬೇಕು.

ಅರಳೆ ಗಾದಿಯ ಮೇಲೆ ಅಂಗೈ ಆಡಿಸಿ ನೋಡಿ. ಗಂಟು ಕಟ್ಟಿದ್ದರೆ, ಸೊಂಟದ ಜಾಗ ಕುಳಿಯಾಗಿದ್ದರೆ ಬಿಚ್ಚಿ ಹಿಂಜಿಸಿ ಮತ್ತೆ ತುಂಬಿಸಿ. ಅಲ್ಲಿಯವರೆಗೆ ಕುಳಿಗೆ ಕೌದಿ ಹಾಸಿ ಸಮ ಮಾಡಿ. ಜೋತುಬಿದ್ದ ಹೊರಸಿನ ಹಗ್ಗವನ್ನು ಬಿಗಿದು ಕಟ್ಟಿ. ಬರಿ ನೆಲದ ಮೇಲೆ ಚಾಪೆಯಲ್ಲಿ ಮಗ್ಗುಲಾಗಿ ಮಲಗುವವರಿಗೆ ಕೆಳಗಿನ ಭುಜ ಅಮುಕುತ್ತದೆ. ಅವರು ಎರಡು ಕೌದಿಯಾದರೂ ಹಾಸಿಕೊಳ್ಳಲೇಬೇಕು.

ಕೈಗೂ ಒಂದು ದಿಂಬು ಕೊಡಿ. ಅದನ್ನು ಎದೆಗೆ ಅಪ್ಪಿ, ಮೇಲಿನ ಕೈಯನ್ನು ಅದರ ಮೇಲೆ ಚಾಚಿ, ಮಣಿಕಟ್ಟು ನೇರವಿರಲಿ. ಮೊಣಕೈ ಮಡಚುವ ರೂಢಿ ಬಿಡದವರು ಟವೆಲ್ ಒಂದನ್ನು ಮೊಣಕೈಗೆ ಸಡಿಲವಾಗಿ ಸುತ್ತಿ ಮಲಗಿ. ನಿದ್ದೆಯಲ್ಲಿ ಪೂರ್ತಿ ಮಡಚಲು ಅದು ಬಿಡುವುದಿಲ್ಲ. ಮಣಿಕಟ್ಟಿನ ತೊಂದರೆಗೆ ರಾತ್ರಿ ಕಟ್ಟುವ ಪಟ್ಟಿ ಔಷಧದ ಅಂಗಡಿಯಲ್ಲಿ ಸಿಗುತ್ತದೆ. ಕೈಯನ್ನು ನೇರವಾಗಿ ಹಿಡಿಯುವಂಥದ್ದನ್ನೇ ಕೇಳಿ ತನ್ನಿ.

ಮಾಡಬಾರದ್ದು

ತಲೆ ಕೆಳಗೆ ಕೈ ಇಟ್ಟು ಮಲಗಬಾರದು. ಬೋರಲು ಮಲಗಲೇಬಾರದು, ರಾತ್ರಿಯೆಲ್ಲ ಕುತ್ತಿಗೆ ಒಂದೇ ಕಡೆ ತಿರುಚಿಕೊಂಡಿರುತ್ತದೆ. ಎರಡು ದಪ್ಪ ದಿಂಬು ಒಂದರ ಮೇಲೊಂದು ಪೇರಿಸಬಾರದು. ಬಿಗಿ ಬಳೆ, ಗಡಿಯಾರ ಕಟ್ಟಿಕೊಂಡು ಮಲಗಬಾರದು. ಕುಡಿದು, ಕೈಯನ್ನು ಹೊರಸಿನ ಪಟ್ಟಿಯ ಮೇಲೆ ಜೋತುಬಿಟ್ಟು ಮಲಗಿದವರು ಬೆಳಿಗ್ಗೆ ಮಣಿಕಟ್ಟು ಎತ್ತಲಾಗದೆ ಏಳುವುದುಂಟು; ಆ ಬಲ ಮರಳಲು ವಾರಗಳು ಹಿಡಿಯುತ್ತವೆ.

ಮರಗಟ್ಟಿದ ಕೈಗೆ ಬಿಸಿನೀರಿನ ಚೀಲ, ಬಿಸಿ ಇಟ್ಟಿಗೆ ಒತ್ತಬಾರದು. ಚರ್ಮ ಸುಟ್ಟರೂ ತಿಳಿಯುವುದಿಲ್ಲ. ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುಚಿ ಲಟಕ್ಕೆನ್ನಿಸಿಕೊಳ್ಳಬಾರದು. ಮಿದುಳಿಗೆ ರಕ್ತ ಒಯ್ಯುವ ನಾಳಗಳು ಕುತ್ತಿಗೆಯಲ್ಲೇ ಹಾದುಹೋಗುತ್ತವೆ. ಆ ಎಳೆತಕ್ಕೆ ಅವು ಸೀಳಬಹುದು. ದಯವಿಟ್ಟು ಬೇಡ ಅನ್ನಿ.

ಎರಡು ವಾರ ಹೀಗೆ ಮಲಗಿದರೂ ಜೋಮು ಹೋಗದಿದ್ದರೆ, ಲೋಟ ಕೈಜಾರುತ್ತಿದ್ದರೆ, ಹೆಬ್ಬೆರಳ ಬುಡದ ಮಾಂಸ ಕರಗಿದಂತೆ ಕಂಡರೆ ಇನ್ನು ತಡ ಮಾಡದೆ ವೈದ್ಯರಿಗೆ ತೋರಿಸಿ. ನರ ಬಹಳ ಕಾಲ ಒತ್ತಿನಲ್ಲಿದ್ದರೆ ಬಲ ಪೂರ್ತಿ ಮರಳದೆಯೂ ಇರಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್ ಪರೀಕ್ಷೆ ಮಾಡಿಸಿ. ಮಾಂಸ, ಮೊಟ್ಟೆ ಮುಟ್ಟದ ಮನೆಯವರು ಬಿ12 ನೋಡಿಸಿ. ಗರ್ಭಿಣಿಯರಿಗೆ ಬರುವ ಜೋಮು ಹೆರಿಗೆಯ ನಂತರ ಸಾಮಾನ್ಯವಾಗಿ ಇಳಿಯುತ್ತದೆ, ಆದರೂ ವೈದ್ಯರಿಗೆ ಹೇಳಿ. ಚರ್ಮದ ಮೇಲೆ ಸ್ಪರ್ಶ ತಿಳಿಯದ ಮಚ್ಚೆ ಇದ್ದರೆ ನಾಚಬೇಡಿ, ಮುಚ್ಚಿಡಬೇಡಿ. ಅದು ಕುಷ್ಠರೋಗದ ಗುರುತಿರಬಹುದು. ಅದರ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ, ರೋಗ ಪೂರ್ತಿ ವಾಸಿಯಾಗುತ್ತದೆ.

ಜೋಮಿನ ಜೊತೆ ಬಾಯಿ ಒಂದು ಕಡೆ ಸೊಟ್ಟಗಾದರೆ, ಮಾತು ತೊದಲಿದರೆ, ಕೈಕಾಲು ಬಲಗುಂದಿದರೆ ಅದು ಲಕ್ವವಿರಬಹುದು. ಎದೆ ಒತ್ತಿ ಹಿಡಿದು ಬೆವರು ಕಿತ್ತು ಬಂದರೆ ಅದು ಹೃದಯಾಘಾತವಿರಬಹುದು. ಲಕ್ವದಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ನಮ್ಮ ಊರುಗಳಿಂದ ಬೀದರ್ ಅಥವಾ ಕಲಬುರಗಿ ಮುಟ್ಟಲೇ ಅದರಲ್ಲಿ ಹೊತ್ತು ಹೋಗುತ್ತದೆ. ಬೆಳಗಾಗಲಿ ಎಂದು ಕಾಯಬೇಡಿ, ದಿಂಬು ಸರಿಮಾಡುತ್ತ ಕೂರಬೇಡಿ. ಆ ಗಳಿಗೆಯಲ್ಲೇ 108ಕ್ಕೆ ಕರೆ ಮಾಡಿ.