ಅಧ್ಯಾಪನ ಮತ್ತು ಬರವಣಿಗೆಯ ನಿರಂತರತೆ: ಕುವೆಂಪು ಅವರನ್ನು ನಿದರ್ಶನವಾಗಿಟ್ಟುಕೊಂಡು ಕೆಲವು ವಿಚಾರಗಳು

1

ಕನ್ನಡ ಅಧ್ಯಾಪಕನೊಬ್ಬನ ವಿದ್ವತ್ತನ್ನು ಅಳೆಯುವಾಗ ಸಾಮಾನ್ಯವಾಗಿ ಅವನು ಪ್ರಕಟಿಸಿದ ಗ್ರಂಥಗಳನ್ನು ಲೆಕ್ಕ ಹಾಕಲಾಗುತ್ತದೆ. ಆ ಗ್ರಂಥಗಳು ಯಾವ ದಿನಚರಿಯ ನಡುವೆ, ಯಾವ ಬಿಡುವಿನಲ್ಲಿ ರೂಪುಗೊಂಡವು ಎಂಬ ಪ್ರಶ್ನೆ ಚರ್ಚೆಗೆ ಬರುವುದು ಅಪರೂಪ. ಪಾಠ, ಪರೀಕ್ಷೆ, ಮೌಲ್ಯಮಾಪನ, ಆಡಳಿತ ಇವುಗಳ ನಡುವೆ ಬರವಣಿಗೆ ಹಿಂದೆ ಸರಿಯುತ್ತಲೇ ಹೋಗುವುದು ಕನ್ನಡ ವಿಭಾಗಗಳಲ್ಲಿ ಎಲ್ಲರಿಗೂ ತಿಳಿದ ಸಂಗತಿ. ಇದನ್ನು ವ್ಯಕ್ತಿಯ ಸೋಮಾರಿತನವೆಂದೋ ಪ್ರತಿಭೆಯ ಕೊರತೆಯೆಂದೋ ವಿವರಿಸುವುದು ಸುಲಭ. ಆದರೆ ಸಮಸ್ಯೆಯ ಮೂಲವಿರುವುದು ಕೆಲಸವನ್ನು ವಿಭಜಿಸಿಕೊಳ್ಳುವ ಕ್ರಮದಲ್ಲಿ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದಕ್ಕೆ ಅತ್ಯಂತ ಹತ್ತಿರದ ನಿದರ್ಶನ ಕುವೆಂಪು. ಅವರು 1904ರ ಡಿಸೆಂಬರ್ 29ರಂದು ಜನಿಸಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ. ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ. ಅವರನ್ನು ಮಲೆನಾಡಿನ ಕವಿಯೆಂದು ನೋಡುವ ರೂಢಿ ಪ್ರಬಲವಾಗಿದೆ. 1929ರಿಂದ 1960ರವರೆಗೆ ಅವರು ಸಂಬಳಕ್ಕೆ ದುಡಿದ ಅಧ್ಯಾಪಕರೂ ಆಗಿದ್ದರು ಎಂಬ ಅಂಶಕ್ಕೆ ಅಷ್ಟು ಗಮನ ಸಂದಿಲ್ಲ. ಎಂ.ಎ. ಮುಗಿಸಿದ ವರ್ಷವೇ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲೂ ಪಾಠ ಹೇಳಿದರು. 1955ರಲ್ಲಿ ಮಹಾರಾಜ ಕಾಲೇಜಿನ ಪ್ರಾಂಶುಪಾಲರಾಗಿ, 1956ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ 1960ರಲ್ಲಿ ನಿವೃತ್ತರಾದರು.

2

'ಶ್ರೀ ರಾಮಾಯಣ ದರ್ಶನಂ' ರಚನೆಯಾದದ್ದು ಈ ಅಧ್ಯಾಪಕ ಜೀವನದ ಒಳಗೇ. 1936ರಲ್ಲಿ ಆರಂಭವಾದ ಮಹಾಕಾವ್ಯ ಮುಗಿದದ್ದು 1946ರಲ್ಲಿ. ಮೊದಲು ಪ್ರಕಟವಾದದ್ದು 1949ರಲ್ಲಿ. 1955ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯೂ ಮುಂದೆ 1967ರ ಸಾಲಿನ ಜ್ಞಾನಪೀಠ ಪ್ರಶಸ್ತಿಯೂ ಸಂದವು. ಕಾವ್ಯದ ಗಾತ್ರ ಇಪ್ಪತ್ತೆರಡು ಸಾವಿರಕ್ಕೂ ಮಿಕ್ಕ ಸಾಲುಗಳು. ಓದುಗನನ್ನು ಈ ಸಂಖ್ಯೆ ಬೆರಗುಗೊಳಿಸುತ್ತದೆ. ಆದರೆ ಅದನ್ನು ಹತ್ತು ವರ್ಷಗಳ ದಿನಗಳಿಗೆ ಹಂಚಿ ನೋಡಿದರೆ ದಿನವೊಂದಕ್ಕೆ ಬರುವುದು ಸುಮಾರು ಆರು ಸಾಲು ಮಾತ್ರ. ಕವಿ ಪ್ರತಿದಿನವೂ ಆರು ಸಾಲು ಬರೆದರೆಂದು ಇದರ ಅರ್ಥವಲ್ಲ. ಬರೆದ ದಿನಗಳೂ ಬರೆಯದ ದಿನಗಳೂ ಇದ್ದೇ ಇರುತ್ತವೆ. ಈ ಲೆಕ್ಕ ಸ್ಪಷ್ಟಪಡಿಸುವುದು ಇಷ್ಟನ್ನು: ಮಹತ್ಕೃತಿಯ ಹಿಂದಿರುವ ದೈನಂದಿನ ಪ್ರಮಾಣ ಮನುಷ್ಯಸಾಧ್ಯವಾದದ್ದು, ಅಸಾಧಾರಣವಾದದ್ದು ಹತ್ತು ವರ್ಷ ಅದನ್ನು ಕೈಬಿಡದಿದ್ದುದು.

ಕೈಬಿಡದಿರಲು ಕೃತಿಯ ರಚನೆಯೇ ನೆರವಾಗಿದೆ ಎನ್ನಬಹುದು. ಕಾವ್ಯ ಅಯೋಧ್ಯಾ, ಕಿಷ್ಕಿಂಧಾ, ಲಂಕಾ, ಶ್ರೀ ಎಂಬ ನಾಲ್ಕು ಸಂಪುಟಗಳಾಗಿ, ಒಟ್ಟು ಐವತ್ತು ಸಂಚಿಕೆಗಳಾಗಿ ವಿಂಗಡಣೆಗೊಂಡಿದೆ. ಒಂದು ಸಂಚಿಕೆ ತನ್ನಷ್ಟಕ್ಕೆ ಒಂದು ಘಟಕ. ಮುಗಿಸಿದ ತೃಪ್ತಿಯನ್ನು ನೀಡುವ ಘಟಕ. ಕಾಲೇಜಿನ ಕೆಲಸ ಅಡ್ಡ ಬಂದು ಬರವಣಿಗೆ ನಿಂತರೂ ಎಲ್ಲಿಂದ ಮುಂದುವರಿಸಬೇಕೆಂಬುದು ಗೊತ್ತಿರುತ್ತದೆ. ಇದೇ ಅವಧಿಯಲ್ಲಿ ಭಾವಗೀತೆಗಳ ರಚನೆಯೂ ನಡೆಯಿತು. 'ಪಕ್ಷಿಕಾಶಿ' ಪ್ರಕಟವಾದದ್ದು 1946ರಲ್ಲಿ. ಎಂದರೆ ದೀರ್ಘಕೃತಿಯೊಂದು ಕೈಯಲ್ಲಿರುವುದು ಇತರ ಬರವಣಿಗೆಗೆ ತಡೆಯಾಗಲಿಲ್ಲ. ವಿದ್ಯಾರ್ಥಿ ದೆಸೆಯಿಂದ ಬಂದ ದಿನಚರಿಯ ರೂಢಿಯನ್ನೂ ಇಲ್ಲಿ ನೆನೆಯಬೇಕು. 1980ರಲ್ಲಿ ಹೊರಬಂದ ಆತ್ಮಕಥೆ 'ನೆನಪಿನ ದೋಣಿಯಲ್ಲಿ' ಹಳೆಯ ದಿನಚರಿಗಳನ್ನು ವಿಪುಲವಾಗಿ ಬಳಸಿಕೊಂಡಿದೆ. ಪ್ರಕಟಣೆಯ ಉದ್ದೇಶವಿಲ್ಲದ ಬರವಣಿಗೆ ದಶಕಗಳ ನಂತರ ಆಕರವಾದದ್ದಕ್ಕೆ ಇದು ನಿದರ್ಶನ.

ಈ ಚಿತ್ರಕ್ಕೆ ಇನ್ನೊಂದು ಮುಖವೂ ಇದೆ. ಮೊದಲ ಕಾದಂಬರಿ 'ಕಾನೂರು ಹೆಗ್ಗಡಿತಿ' ಪ್ರಕಟವಾದದ್ದು 1936ರಲ್ಲಿ. ಎರಡನೆಯದಾದ 'ಮಲೆಗಳಲ್ಲಿ ಮದುಮಗಳು' 1967ರಲ್ಲಿ. ನಡುವಣ ಅಂತರ ಮೂವತ್ತೊಂದು ವರ್ಷ. ಈ ಅಂತರಕ್ಕೆ ಮಹಾಕಾವ್ಯದ ರಚನೆಯೇ ಒಂದು ಕಾರಣವಿರಬಹುದು. ಆದರೂ ಎರಡನೆಯ ಕಾದಂಬರಿ ಓದುಗರ ಕೈಸೇರಿದ್ದು ನಿವೃತ್ತಿಯ ಏಳು ವರ್ಷಗಳ ನಂತರ ಎಂಬುದು ಗಮನಾರ್ಹ. ಪ್ರಾಂಶುಪಾಲ, ಕುಲಪತಿ ಹುದ್ದೆಗಳ ಕಾಲದ ಶ್ರಮ ಕನ್ನಡ ಮಾಧ್ಯಮ, ಪಠ್ಯನಿರ್ಮಾಣ, ಮಾನಸ ಗಂಗೋತ್ರಿಯ ಸ್ಥಾಪನೆ ಮುಂತಾದ ಸಾಂಸ್ಥಿಕ ಕಾರ್ಯಗಳಿಗೆ ಸಂದಿತು. ಅದು ವ್ಯರ್ಥವಾದ ಕಾಲವಲ್ಲ. ಆದರೆ ಪಾಠದ ಜತೆಗೆ ಸಾಗಿಬಂದ ದೀರ್ಘ ಬರವಣಿಗೆ ಆಡಳಿತದ ಜತೆಗೂ ಅದೇ ಬಗೆಯಲ್ಲಿ ಸಾಗಬೇಕೆಂದು ನಿರೀಕ್ಷಿಸಲಾಗದು.

3

ಎಲ್ಲ ಅಧ್ಯಾಪಕರ ಮಾರ್ಗವೂ ಒಂದೇ ಅಲ್ಲ. ಕುವೆಂಪು ತಮ್ಮ ಮಹಾಕಾವ್ಯವನ್ನು ಅರ್ಪಿಸಿದ್ದು ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರಿಗೆ. 1939ರಲ್ಲಿ ತೀರಿಕೊಂಡ ವೆಂಕಣ್ಣಯ್ಯನವರು ತಮ್ಮ ವಿದ್ವತ್ತಿಗೆ ಹೋಲಿಸಿದರೆ ಬರೆದದ್ದು ಕಡಿಮೆ. ಶಿಷ್ಯರನ್ನು ಬೆಳೆಸಿದ್ದು ಹೆಚ್ಚು. ಅವರ ಹಿರಿಮೆಯನ್ನು ಪುಟಗಳಿಂದ ಅಳೆಯುವಂತಿಲ್ಲ. ಆದರೆ ತರಗತಿಯಲ್ಲಿ ಆಡಿದ ಮಾತು ಕೇಳಿದವರ ನೆನಪಿನೊಂದಿಗೇ ಮುಗಿದುಹೋಗುತ್ತದೆ ಎಂಬ ನಷ್ಟವೂ ಅಷ್ಟೇ ನಿಜ.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಎಂ. ಎಂ. ಕಲಬುರ್ಗಿಯವರದು ಮೂರನೆಯ ಮಾದರಿ. ಅವರ 'ಮಾರ್ಗ' ಸಂಪುಟಗಳು ಬಿಡಿ ಸಂಶೋಧನ ಲೇಖನಗಳ ಸಂಕಲನಗಳು. ಒಂದು ಶಾಸನದ ಪಾಠ, ಒಂದು ಪದದ ವ್ಯುತ್ಪತ್ತಿ, ಒಬ್ಬ ಕವಿಯ ಕಾಲ ಇಂಥ ಸೀಮಿತ ಸಮಸ್ಯೆಯೊಂದೇ ಲೇಖನದ ವಸ್ತುವಾಗಬಲ್ಲದು. ದಶಕಗಳ ಕಾಲ ಇಂಥ ಲೇಖನಗಳು ಸೇರುತ್ತ ಹೋದಾಗ ಗ್ರಂಥ ತಾನಾಗಿ ಮೈದಳೆಯುತ್ತದೆ. 'ಮಾರ್ಗ-4'ಕ್ಕೆ 2006ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದದ್ದು ಈ ಕ್ರಮಕ್ಕೂ ಸಂದ ಮನ್ನಣೆ. ಕುವೆಂಪು ಅವರಿಗೆ ಸಂಚಿಕೆ ಘಟಕವಾದಂತೆ ಕಲಬುರ್ಗಿಯವರಿಗೆ ಲೇಖನ ಘಟಕವಾಯಿತು. ಪ್ರಕಾರಗಳು ಬೇರೆ, ತತ್ತ್ವ ಒಂದೇ.

ಹೊರದೇಶಗಳ ಅಧ್ಯಯನಗಳೂ ಈ ಚರ್ಚೆಗೆ ಪೂರಕವಾಗಿವೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಧ್ಯಾಪಕರ ಮೂರು ಗುಂಪುಗಳನ್ನು ಹೋಲಿಸಿದರು. ಬಿಡುವು ದೊರೆತಾಗ ಒಟ್ಟಿಗೆ ಬರೆಯುವ ಹಳೆಯ ರೂಢಿಯನ್ನೇ ಮುಂದುವರಿಸಿದವರು ವರ್ಷಕ್ಕೆ ಸರಾಸರಿ 17 ಪುಟ ಬರೆದರು. ದಿನವೂ ಸ್ವಲ್ಪ ಬರೆದು ಲೆಕ್ಕವಿಟ್ಟವರು 64 ಪುಟ. ಲೆಕ್ಕವಿಟ್ಟು ಅದನ್ನು ಮತ್ತೊಬ್ಬರಿಗೆ ನಿಯತವಾಗಿ ತೋರಿಸಿದವರು 157 ಪುಟ. ಎರಡನೆಯ ಮತ್ತು ಮೂರನೆಯ ಗುಂಪುಗಳ ನಡುವಣ ವ್ಯತ್ಯಾಸಕ್ಕೆ ಕಾರಣ ಸಹೋದ್ಯೋಗಿಯೊಬ್ಬನ ಕಣ್ಣು. ಆದರೆ ಹೆಲೆನ್ ಸ್ವೋರ್ಡ್ 2016ರಲ್ಲಿ 'ದಿನವೂ ಬರೆಯಿರಿ' ಎಂಬ ಉಪದೇಶವನ್ನೇ ಪ್ರಶ್ನಿಸಿದರು. ಯಶಸ್ವಿ ವಿದ್ವಾಂಸರನೇಕರು ದಿನವೂ ಬರೆಯುವವರಲ್ಲ ಎಂಬುದು ಅವರು ಕಂಡುಕೊಂಡ ಸಂಗತಿ. ಈ ಎರಡು ನಿಲುವುಗಳನ್ನು ಒಟ್ಟಿಗೆ ನೋಡಿದಾಗ ತಿಳಿಯುವುದೇನೆಂದರೆ, ನಿರಂತರತೆಯೆಂಬುದು ಪ್ರತಿದಿನದ ವ್ರತವಲ್ಲ. ಬಿಟ್ಟಲ್ಲಿಗೆ ಮರಳಿ ಬರುವ ಸಾಮರ್ಥ್ಯ.

4

ಈ ತತ್ತ್ವವನ್ನು ಕುವೆಂಪು ಹುಟ್ಟಿದ ಸೀಮೆಗೇ ಅನ್ವಯಿಸಿ ನೋಡಬಹುದು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಕಾಲೇಜುಗಳಿಗೆ ಸೀತೂರಿನಂಥ ಗ್ರಾಮಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಯು.ಜಿ.ಸಿ.ಯ 2010 ಮತ್ತು 2018ರ ನಿಯಮಗಳಂತೆ ಸಹಾಯಕ ಪ್ರಾಧ್ಯಾಪಕರ ನೇರ ಬೋಧನೆ ವಾರಕ್ಕೆ 16 ಗಂಟೆ. ಒಟ್ಟು ಕಾರ್ಯಭಾರ 40 ಗಂಟೆ. ಉಳಿದ 24 ಗಂಟೆಗಳು ಕಾಗದದ ಮೇಲೆ ವಿಶಾಲವಾಗಿ ಕಾಣುತ್ತವೆ. ಪ್ರವೇಶ, ಆಂತರಿಕ ಪರೀಕ್ಷೆ, ವರದಿ, ಸಮಿತಿಗಳಲ್ಲಿ ಅವು ಕರಗುತ್ತವೆ. ದೊಡ್ಡ ಗ್ರಂಥಾಲಯಗಳು ದೂರ. ಮುಂಗಾರಿನ ತಿಂಗಳುಗಳಲ್ಲಿ ಸಂಚಾರ, ವಿದ್ಯುತ್ತು ಎರಡೂ ಅನಿಶ್ಚಿತ. ಮಳೆ ನಿಂತ ಮೇಲೆ ತೋಟವಿರುವ ಮನೆಗಳಲ್ಲಿ ಅಡಿಕೆ ಕೊಯ್ಲು. ಬೇಸಿಗೆ ರಜೆಯಲ್ಲಿ ಬರೆಯೋಣವೆಂಬ ಸಂಕಲ್ಪ ಮೌಲ್ಯಮಾಪನ ಕೇಂದ್ರದಲ್ಲಿ ಕೊನೆಗೊಳ್ಳುತ್ತದೆ.

ಹೊರಗಿನ ಒತ್ತಾಯ ಈ ಕೊರತೆಯನ್ನು ತುಂಬಿದೆಯೇ ಎಂಬುದು ವಿಚಾರಾರ್ಹ. 2010ರ ನಿಯಮಗಳು ಲೇಖನಗಳಿಗೆ ಅಂಕ ನಿಗದಿಪಡಿಸಿದವು. ಪಿಎಚ್.ಡಿ. ಪ್ರಬಂಧ ಸಲ್ಲಿಸುವ ಮುನ್ನ ಲೇಖನ ಪ್ರಕಟಿಸಿರಬೇಕೆಂಬ ಕಡ್ಡಾಯವನ್ನು 2022ರ ನಿಯಮಗಳು ಕೈಬಿಟ್ಟವು. ಅಂಗೀಕೃತ ಪತ್ರಿಕೆಗಳ 'ಯುಜಿಸಿ-ಕೇರ್' ಪಟ್ಟಿ 2025ರಲ್ಲಿ ರದ್ದಾಯಿತು. ನಿಯಮಗಳು ಬರುತ್ತವೆ, ಹೋಗುತ್ತವೆ. ನಿಯಮಕ್ಕಾಗಿ ಬರೆದವನು ಬಡ್ತಿ ದೊರೆತೊಡನೆ ನಿಲ್ಲಿಸುತ್ತಾನೆ. ಅಂಕಪದ್ಧತಿಯಿಂದ ಲೇಖನಗಳು ಹೆಚ್ಚಬಹುದು. ಅಭ್ಯಾಸ ಬೆಳೆಯುವುದು ಕೈಯಲ್ಲಿ ಸ್ವಂತ ಸಮಸ್ಯೆಯೊಂದಿದ್ದಾಗ ಮಾತ್ರ.

ಅಂಥ ಸಮಸ್ಯೆಗಳಿಗೆ ಈ ಸೀಮೆಯಲ್ಲಿ ಬರವಿಲ್ಲ. ಬಿ. ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯ ಕರ್ನಾಟಿಕ'ದ 6ನೆಯ ಸಂಪುಟ (1901) ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನು ಒಳಗೊಂಡಿದೆ. ಕೊಪ್ಪ, ಶೃಂಗೇರಿಗಳ ಶಾಸನಗಳು ಅದರಲ್ಲಿವೆ. ದಾನವಾಗಿ ಕೊಟ್ಟ ಭೂಮಿ ಎಂಬ ಅರ್ಥದಲ್ಲಿ ಶಾಸನಗಳಲ್ಲಿ ಬರುವ 'ಕೊಡಗೆ', 'ಕೊಡಿಗೆ' ಎಂಬ ಮಾತನ್ನು ಹಿರೇಕೊಡಿಗೆಯಂಥ ಊರಹೆಸರಿನ ಪಕ್ಕದಲ್ಲಿಟ್ಟು ಪರಿಶೀಲಿಸುವುದೇ ಒಂದು ಲೇಖನದ ವಸ್ತು. ವಾರಕ್ಕೊಂದು ಶಾಸನ ಅಥವಾ ಒಂದು ಸ್ಥಳನಾಮಕ್ಕೆ ಒಂದು ಪುಟದ ಟಿಪ್ಪಣಿ ಬರೆದರೂ 30 ಬೋಧನಾ ವಾರಗಳಲ್ಲಿ 30 ಪುಟಗಳಾಗುತ್ತವೆ. ಐದು ವರ್ಷಗಳಲ್ಲಿ ಅದೊಂದು ಗ್ರಂಥ. ಅಡಿಕೆ ಬೇಸಾಯದ ಪದಕೋಶ, ಹಿರಿಯರ ಬಾಯಲ್ಲಿರುವ ಹಾಡುಗಳ ಪಾಠ ಇವುಗಳಿಗೂ ಇದೇ ಕ್ರಮ ಒಗ್ಗುತ್ತದೆ.

ಇದಕ್ಕೆ ಬೇಕಾದುದು ಮೂರು: ಒಂದು ಕೂರಿಕೆಯಲ್ಲಿ ಮುಗಿಯುವಷ್ಟು ಸಣ್ಣ ಘಟಕ, ನಿಲ್ಲಿಸುವಾಗ ಮುಂದಿನ ಹೆಜ್ಜೆಯನ್ನು ಗುರುತು ಹಾಕಿಡುವ ಟಿಪ್ಪಣಿಪುಸ್ತಕ, ಬರೆದದ್ದನ್ನು ನಿಯತವಾಗಿ ಓದುವ ಒಬ್ಬ ಸಹೋದ್ಯೋಗಿ. ಮೊದಲೆರಡನ್ನು ಅಧ್ಯಾಪಕ ತಾನೇ ರೂಢಿಸಿಕೊಳ್ಳಬಹುದು. ಮೂರನೆಯದನ್ನು ವಿಭಾಗಗಳು ಕಲ್ಪಿಸಬೇಕು. ಒಬ್ಬರೇ ಕನ್ನಡ ಅಧ್ಯಾಪಕರಿರುವ ಕಾಲೇಜಿನಲ್ಲಿ ನೆರೆಯ ತಾಲ್ಲೂಕಿನ ಅಧ್ಯಾಪಕರೊಡನೆ ತಿಂಗಳಿಗೊಮ್ಮೆ ಕೂಡಿ ಓದುವ ವ್ಯವಸ್ಥೆಗೆ ಹೆಚ್ಚಿನ ಅನುದಾನವೇನೂ ಬೇಕಾಗದು.

ಹಾಡು ಬಲ್ಲ ಹಿರಿಯರು ಕಾಲವಾಗುತ್ತಿದ್ದಾರೆ. ಬೇಸಾಯದ ಮಾತುಗಳು ಬಳಕೆ ತಪ್ಪುತ್ತಿವೆ. ಅವುಗಳನ್ನು ಹತ್ತಿರದಿಂದ ಕೇಳಬಲ್ಲವರು ಈ ಕಾಲೇಜುಗಳ ಅಧ್ಯಾಪಕರೇ ಹೊರತು ದೂರದ ವಿಶ್ವವಿದ್ಯಾಲಯಗಳ ಸಂಶೋಧಕರಲ್ಲ. ದೀರ್ಘ ಬಿಡುವಿಗಾಗಿ ಕಾದರೆ ಆಗುವ ನಷ್ಟ ಅಧ್ಯಾಪಕನೊಬ್ಬನದೇ ಅಲ್ಲ, ಕನ್ನಡದ ಆಕರಗಳದೂ ಹೌದು. ದಿನಕ್ಕೆ ಆರು ಸಾಲಿನ ಲೆಕ್ಕ ಕವಿಗೆ ಮಾತ್ರವಲ್ಲದೆ ಸಂಶೋಧಕನಿಗೂ ಸಲ್ಲುವುದು ಈ ಕಾರಣದಿಂದ.