ಶಿಬಿರದ ಮಕ್ಕಳಿಗೆ ಒಂದೊಂದು ಕರುವಿನ ಹೊಣೆ



ಸುಗ್ಗಿ ಮುಗಿದು ಕಣ ಖಾಲಿಯಾಗುವ ಹೊತ್ತಿಗೆ ನಮ್ಮ ಹಳ್ಳಿಗಳಿಗೆ ಕಾಲೇಜು ಮಕ್ಕಳ ಶಿಬಿರಗಳು ಬರುತ್ತವೆ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದ ವ್ಯಾಪ್ತಿಯ ಕಾಲೇಜುಗಳ ರಾಷ್ಟ್ರೀಯ ಸೇವಾ ಯೋಜನೆ ಘಟಕಗಳು ಒಂದೊಂದು ಹಳ್ಳಿಯನ್ನು ಆರಿಸಿಕೊಂಡು, ಶಾಲೆಯಲ್ಲೋ ಸಮುದಾಯ ಭವನದಲ್ಲೋ ಏಳು ದಿನ ಉಳಿದು ಶ್ರಮದಾನ ಮಾಡುತ್ತವೆ. ಶಿಬಿರಕ್ಕೆ ಹಾಲು, ಮೊಸರು ಬೇಕೆಂದು ಕಾರ್ಯಕ್ರಮಾಧಿಕಾರಿಗಳು ಡೇರಿಗೆ ಬರುತ್ತಾರೆ. ಕಾರ್ಯದರ್ಶಿಗಳು ಕೊಡುತ್ತಾರೆ. ಸಮಾರೋಪದ ದಿನ ಸಂಘದ ಅಧ್ಯಕ್ಷರ ಹೆಗಲಿಗೆ ಒಂದು ಶಾಲು ಬೀಳುತ್ತದೆ. ನಮ್ಮ ಸಂಘಕ್ಕೂ ಆ ಶಿಬಿರಕ್ಕೂ ಇರುವ ನಂಟು ಬಹುಪಾಲು ಕಡೆ ಇಷ್ಟೇ. ಈ ನಂಟನ್ನು ಕೆಲಸದ ನಂಟಾಗಿ ಮಾಡಿಕೊಳ್ಳುವುದು ಹೇಗೆ, ಅದರಿಂದ ಊರಿನ ಹುಡುಗ ಹುಡುಗಿಯರಿಗೆ ಏನು ಸಿಕ್ಕೀತು ಎಂಬುದು ಈ ಸಂಚಿಕೆಯ ಪಾಠ.

ಮೊದಲು ಯೋಜನೆಯ ವಿಚಾರ ನಾಲ್ಕು ಮಾತು. ಗಾಂಧೀಜಿಯವರ ಜನ್ಮ ಶತಮಾನೋತ್ಸವದ ವರ್ಷವಾದ 1969ರ ಸೆಪ್ಟೆಂಬರ್ 24ರಂದು ಅಂದಿನ ಕೇಂದ್ರ ಶಿಕ್ಷಣ ಸಚಿವ ಡಾ. ವಿ.ಕೆ.ಆರ್.ವಿ. ರಾವ್ ಅವರು ಇದನ್ನು ಆರಂಭಿಸಿದರು. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆಯನ್ನು ಮುಂದೆ ಕಟ್ಟಿದವರೂ ಅವರೇ. ಮೊದಲು ಸೇರಿದ್ದು 37 ವಿಶ್ವವಿದ್ಯಾನಿಲಯಗಳು, 40,000 ವಿದ್ಯಾರ್ಥಿಗಳು. ಕುವೆಂಪು ವಿಶ್ವವಿದ್ಯಾನಿಲಯ ಹುಟ್ಟಿದ್ದು 1987ರಲ್ಲಿ. ಇಲ್ಲಿ ತಾವು ಗಮನಿಸಬೇಕಾದ ಒಂದು ಅಂಶವಿದೆ. ಯೋಜನೆಗೆ ಸೇರಿದ ಸ್ವಯಂಸೇವಕನ ಕೆಲಸ ಏಳು ದಿನದ ಶಿಬಿರಕ್ಕೆ ಮುಗಿಯುವುದಿಲ್ಲ. ಅವನು ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ ಸೇವೆ ಸಲ್ಲಿಸಬೇಕು. ಶಿಬಿರ ಇದಕ್ಕೆ ಹೊರತು. ಈ 120 ಗಂಟೆಗಳಲ್ಲಿ ಎಷ್ಟೋ ಗಂಟೆ ಕಾಲೇಜಿನ ಆವರಣದ ಕಸ ಗುಡಿಸುವುದರಲ್ಲಿ, ಸಭೆಗೆ ಕುರ್ಚಿ ಹಾಕುವುದರಲ್ಲಿ ಹೋಗುತ್ತದೆ. ಅದೂ ಕೆಲಸವೇ, ಇಲ್ಲವೆನ್ನುವುದಿಲ್ಲ. ಆದರೆ ಆ ಗಂಟೆಗಳನ್ನು ಕೇಳಿ ಪಡೆಯುವ ಹಕ್ಕು ಹಳ್ಳಿಗೂ ಇದೆ, ನಾವು ಕೇಳುತ್ತಿಲ್ಲ.

ನಮ್ಮ ಭದ್ರಾವತಿ ಸೀಮೆಯಲ್ಲಿ ಇದು ಇನ್ನೂ ಹೆಚ್ಚು ಬೇಕಾಗಿದೆ. 1923ರಲ್ಲಿ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಕಾಗದ ಕಾರ್ಖಾನೆ ಬಂದ ಮೇಲೆ ಮೂರು ತಲೆಮಾರು 'ಓದು, ಫ್ಯಾಕ್ಟ್ರಿ ಸೇರು' ಎಂದು ಮಕ್ಕಳಿಗೆ ಹೇಳಿತು. ಕಾಗದ ಕಾರ್ಖಾನೆಯ ಉತ್ಪಾದನೆ 2015ರಲ್ಲಿ ನಿಂತಿತು. ಕಬ್ಬಿಣದ ಕಾರ್ಖಾನೆ ಹಿಂದಿನಂತೆ ಮನೆಗೊಬ್ಬನನ್ನು ಕರೆದುಕೊಳ್ಳುವ ಸ್ಥಿತಿಯಲ್ಲಿಲ್ಲ. 2024ರ ಜನವರಿ 12ರಂದು ನಮ್ಮ ಶಿವಮೊಗ್ಗದಲ್ಲೇ ಚಾಲನೆ ಪಡೆದ ಯುವನಿಧಿಯಿಂದ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾ ಆದವರಿಗೆ 1,500 ರೂಪಾಯಿ, ಎರಡು ವರ್ಷದ ಮಿತಿಯಲ್ಲಿ ಸಿಗುತ್ತದೆ. ಸಂದರ್ಶನಕ್ಕೆ ಓಡಾಡುವ ಬಸ್ ಚಾರ್ಜಿಗೆ ಅದು ಆಸರೆ. ಒಂದು ಕೆಲಸವನ್ನು ಆರಂಭದಿಂದ ಕೊನೆಯತನಕ ತನ್ನ ಕೈಯಿಂದ ಮಾಡಿದ್ದೇನೆ, ಅದರ ಲೆಕ್ಕ ಬರೆದಿದ್ದೇನೆ ಎಂಬ ಅನುಭವ ಮಾತ್ರ ಬ್ಯಾಂಕ್ ಖಾತೆಗೆ ಜಮಾ ಆಗುವಂಥದ್ದಲ್ಲ. ಅದನ್ನು ಊರೇ ಕೊಡಬೇಕು.

ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ಶಿಬಿರಕ್ಕೆ ನನ್ನನ್ನು ಉಪನ್ಯಾಸಕ್ಕೆ ಕರೆದಿದ್ದರು. ಮೈಕು, ಹಾರ, ಒಂದೂವರೆ ಗಂಟೆಯ ಭಾಷಣ. ಕರು ಹುಟ್ಟಿದ ಒಂದು ಗಂಟೆಯೊಳಗೆ ಗಿಣ್ಣು ಹಾಲು ಕುಡಿಸಬೇಕೆಂದು ಒತ್ತಿ ಹೇಳಿದ್ದೆ. ಕಾರ್ಯಕ್ರಮ ಮುಗಿದು ಬೈಕು ಹತ್ತುವಾಗ ಒಬ್ಬ ಹುಡುಗಿ ಬಂದು, "ಸರ್, ನಮ್ಮ ಮನೇಲಿ ಹಸು ಈಗಲೋ ಆಗಲೋ ಅಂತಿದೆ. ಮಾಸು ಬೀಳೋ ತನಕ ಕರು ಬಿಡಬಾರದು ಅಂತಾರೆ ನಮ್ಮಜ್ಜಿ. ಅವರಿಗೆ ಹೇಗೆ ಹೇಳೋದು?" ಎಂದು ಕೇಳಿದಳು. ಅವಳು ಶಿಬಿರಾರ್ಥಿಯಲ್ಲ, ಅದೇ ಊರಿನವಳು, ಪಿಯುಸಿ ಓದುತ್ತಿದ್ದಳು. "ಡಾಕ್ಟರು ಹೇಳಿದ್ದಾರೆ ಅಂತ ಹೇಳಮ್ಮ" ಎಂದು ಗಾಡಿ ಒದ್ದು ಹೊರಟೆ. ಎರಡು ವಾರದ ಬಳಿಕ ಬೇರೆ ಕೆಲಸಕ್ಕೆ ಆ ಊರಿಗೆ ಹೋದಾಗ ವಿಚಾರಿಸಿದೆ. ಮಾಸು ಬೀಳಲು ಹನ್ನೊಂದು ಗಂಟೆಯಾಗಿತ್ತು, ಅಲ್ಲಿಯವರೆಗೆ ಕರುವನ್ನು ಬಿಟ್ಟಿರಲಿಲ್ಲ. ಎಂಟನೆಯ ದಿನ ಬಿಳಿ ಭೇದಿ ಹತ್ತಿ ಹೆಣ್ಣುಗರು ಸತ್ತಿತ್ತು. "ಡಾಕ್ಟ್ರು ಹೇಳಿದ್ರೆ ಡಾಕ್ಟ್ರೇ ಬಂದು ಹೇಳ್ಲಿ, ಮೈಕಲ್ಲಿ ಯಾರು ಏನು ಬೇಕಾದ್ರೂ ಹೇಳ್ತಾರೆ" ಎಂದಿದ್ದರಂತೆ ಅಜ್ಜಿ. ಅವರದು ತಪ್ಪೆಂದು ನನಗೆ ಅನ್ನಿಸಲಿಲ್ಲ. ಹತ್ತು ನಿಮಿಷ ಅವರ ಕೊಟ್ಟಿಗೆಗೆ ಹೋಗಿ ಬಂದಿದ್ದರೆ ಒಂದೂವರೆ ಗಂಟೆಯ ಭಾಷಣಕ್ಕಿಂತ ಹೆಚ್ಚಿನ ಕೆಲಸ ಆಗುತ್ತಿತ್ತು.

ಅಜ್ಜಿಗೆ ಹೇಳಬೇಕಾಗಿದ್ದ ವಿಷಯ ಇದು, ತಾವೂ ನೆನಪಿಡಿ. ಮನುಷ್ಯರ ಮಗುವಿಗೆ ತಾಯಿಯ ರೋಗನಿರೋಧಕ ಶಕ್ತಿ ಗರ್ಭದಲ್ಲಿರುವಾಗಲೇ ಒಂದಷ್ಟು ಬರುತ್ತದೆ. ಹಸುವಿನ ಕರುವಿಗೆ ಹಾಗೆ ಬರುವುದಿಲ್ಲ, ಗಿಣ್ಣಿನಿಂದಲೇ ಬರಬೇಕು. ಅದನ್ನು ಹಾಗೆಯೇ ಹೀರಿಕೊಳ್ಳುವ ಗುಣ ಕರುವಿನ ಕರುಳಿಗೆ ಹುಟ್ಟಿದ ಮೊದಲ ಕೆಲವು ಗಂಟೆ ಚೆನ್ನಾಗಿದ್ದು, ಗಂಟೆ ಗಂಟೆಗೂ ಇಳಿಯುತ್ತಾ, ಒಂದು ದಿನ ಕಳೆಯುವಷ್ಟರಲ್ಲಿ ಬಹುತೇಕ ಮುಚ್ಚಿಹೋಗುತ್ತದೆ. ಕರುವಿನ ತೂಕದ ಹತ್ತರಲ್ಲೊಂದು ಪಾಲು, ಅಂದರೆ 28 ಕೆ.ಜಿ. ಕರುವಿಗೆ ಸುಮಾರು 2.8 ಲೀಟರ್ ಗಿಣ್ಣು ಮೊದಲ ದಿನ ಹೊಟ್ಟೆಗೆ ಹೋಗಬೇಕು. ಅದರಲ್ಲಿ ಮೊದಲ ಕಂತು ಒಂದೆರಡು ಗಂಟೆಯೊಳಗೆ. ಇನ್ನು ಮಾಸಿನ ಮಾತು: ಕರು ಮೊಲೆಗೆ ಬಾಯಿ ಹಾಕಿದಾಗ ತಾಯಿಯ ಮೈಯಲ್ಲಿ ಹಾಲಿಳಿಸುವ ರಸ ಹೊರಡುತ್ತದೆ. ಅದೇ ರಸ ಗರ್ಭಕೋಶವನ್ನೂ ಹಿಂಡುವುದರಿಂದ ಮಾಸು ಬೀಳಲು ಸಹಾಯವೇ ಆಗುತ್ತದೆ, ಅಡ್ಡಿಯಾಗುವುದಿಲ್ಲ.

ಆ ಘಟನೆಯ ನಂತರ ಶಿಬಿರಕ್ಕೆ ಕರೆದವರಿಗೆ ನಾನು ಒಂದು ಷರತ್ತು ಹಾಕುತ್ತಿದ್ದೇನೆ. ಭಾಷಣ ಬೇಡ, ಡೇರಿಯವರ ಜೊತೆ ಕೂತು ಊರಿನ ಹೆಣ್ಣುಗರುಗಳ ಪಟ್ಟಿ ಮಾಡಿ, ಒಂದು ಕರುವಿಗೆ ಇಬ್ಬರಂತೆ ಮಕ್ಕಳನ್ನು ಗೊತ್ತುಮಾಡಿ. ಇಬ್ಬರಲ್ಲಿ ಒಬ್ಬರು ಶಿಬಿರಾರ್ಥಿ, ಇನ್ನೊಬ್ಬರು ಕಡ್ಡಾಯವಾಗಿ ಅದೇ ಊರಿನ ಹುಡುಗ ಅಥವಾ ಹುಡುಗಿ. ಶಿಬಿರಕ್ಕೆ ಆಯುಸ್ಸು ಏಳು ದಿನ. ಕರು ಹಸುವಾಗಲು ಎರಡು ವರ್ಷ ದಾಟಬೇಕು. ಊರಿನ ಮಗು ಜೊತೆಗಿಲ್ಲದಿದ್ದರೆ ಎಂಟನೆಯ ದಿನ ಎಲ್ಲವೂ ನಿಂತುಹೋಗುತ್ತದೆ. (ಜನವರಿಯಲ್ಲಿ ಶಿಬಿರ ಮಾಡಿ ಸಸಿ ನೆಟ್ಟು ಹೋಗುವುದನ್ನು ತಾವು ನೋಡಿದ್ದೀರಿ. ಮುಂದೆ ನಾಲ್ಕು ತಿಂಗಳು ಮಳೆಯಿಲ್ಲ, ನೀರು ಹಾಕುವವರಿಲ್ಲ. ಮಿಕ್ಕಿದ್ದನ್ನು ಮೇಕೆಗಳು ನೋಡಿಕೊಳ್ಳುತ್ತವೆ.)

ಈ ಉಪಾಯ ಹೊಸದೇನೂ ಅಲ್ಲ. ಅಮೆರಿಕದ ಓಹಿಯೊ ರಾಜ್ಯದ ಕ್ಲಾರ್ಕ್ ಕೌಂಟಿಯಲ್ಲಿ 1902ರಲ್ಲಿ ಶಾಲಾ ಮೇಲ್ವಿಚಾರಕರಾಗಿದ್ದ ಎ.ಬಿ. ಗ್ರಹಾಂ ಎಂಬವರು ಹಳ್ಳಿಯ ಮಕ್ಕಳ ಕೂಟವೊಂದನ್ನು ಕಟ್ಟಿದರು. ವಿಶ್ವವಿದ್ಯಾನಿಲಯದವರು ಹೇಳಿದ ಹೊಸ ಕ್ರಮಗಳನ್ನು ದೊಡ್ಡವರು ಒಪ್ಪುತ್ತಿರಲಿಲ್ಲ. ಮಕ್ಕಳು ತಮ್ಮ ಪಾಲಿನ ತುಂಡು ನೆಲದಲ್ಲಿ ಜೋಳ ಬೆಳೆದು ತೋರಿಸಿದಾಗ ಅಪ್ಪಂದಿರು ಬೇಲಿಯಾಚೆಯಿಂದ ನೋಡಿ ಕಲಿತರು. ಜೋಳದ ಕೂಟದ ಹಿಂದೆಯೇ ಕರು ಸಾಕುವ ಕೂಟ, ಕೋಳಿ ಕೂಟಗಳು ಬಂದವು. 'ಫೋರ್ ಎಚ್' ಎಂಬ ಹೆಸರಿನಲ್ಲಿ ಅದು ಇಂದಿಗೂ ನಡೆದಿದೆ. ಅಲ್ಲಿ ಮಗುವಿಗೆ ಬಹುಮಾನ ಕೊಡುವಾಗ ಕರುವಿನ ಜೊತೆಗೆ ಮಗು ಬರೆದ ಲೆಕ್ಕದ ಪುಸ್ತಕವನ್ನೂ ನೋಡುತ್ತಾರೆ. ನಮ್ಮ ಕರುಗಳ ಪ್ರದರ್ಶನದಲ್ಲಿ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ ತಂದ ಕರುವಿಗೆ ಬಕೆಟ್ಟು ಕೊಟ್ಟು ಕಳಿಸುತ್ತೇವೆ. ಆ ಕರು ಹಿಂದಿನ ಆರು ತಿಂಗಳಲ್ಲಿ ಎಷ್ಟು ಬೆಳೆಯಿತೆಂದು ಯಾರೂ ಕೇಳುವುದಿಲ್ಲ.

ಹಾಗಾದರೆ ಮಕ್ಕಳು ಏನು ಬರೆಯಬೇಕು? ಮುಖ್ಯವಾಗಿ ತೂಕ. ತೂಕದ ಯಂತ್ರ ಬೇಕಿಲ್ಲ, ದರ್ಜಿಯ ಟೇಪು ಸಾಕು. ಕರುವನ್ನು ಸಮನೆಲದಲ್ಲಿ ನಿಲ್ಲಿಸಿ, ಮುಂಗಾಲಿನ ಹಿಂಬದಿಯಲ್ಲಿ ಎದೆಯ ಸುತ್ತಳತೆ ತೆಗೆಯಬೇಕು. ಬಳಿಕ ಭುಜದ ಮೂಳೆಯ ತುದಿಯಿಂದ ಬಾಲದ ಬುಡದ ಪಕ್ಕದ ಮೂಳೆಯ ತುದಿಯವರೆಗೆ ಉದ್ದ. ಎರಡೂ ಅಂಗುಲದಲ್ಲಿರಲಿ. ಸುತ್ತಳತೆಯನ್ನು ಸುತ್ತಳತೆಯಿಂದಲೇ ಗುಣಿಸಿ, ಬಂದದ್ದನ್ನು ಉದ್ದದಿಂದ ಗುಣಿಸಿ, 660ರಿಂದ ಭಾಗಿಸಿದರೆ ಅಂದಾಜು ತೂಕ ಕೆ.ಜಿ.ಯಲ್ಲಿ ಬರುತ್ತದೆ. ಉದಾಹರಣೆಗೆ ಸುತ್ತಳತೆ 40 ಅಂಗುಲ, ಉದ್ದ 36 ಅಂಗುಲ ಇದ್ದರೆ 40 ಗುಣಿಸು 40, ಅಂದರೆ 1,600. ಅದನ್ನು 36ರಿಂದ ಗುಣಿಸಿದರೆ 57,600. 660ರಿಂದ ಭಾಗಿಸಿದರೆ ಸುಮಾರು 87 ಕೆ.ಜಿ. ಹೈಸ್ಕೂಲಿನ ಮಗು ಮಾಡುವ ಲೆಕ್ಕವಿದು.

ಈ ಲೆಕ್ಕದಿಂದ ಮನೆಯವರ ಕಣ್ಣು ತೆರೆಯುವುದು ಎರಡನೆಯ ಹಂತದಲ್ಲಿ. 28 ಕೆ.ಜಿ. ತೂಕದಲ್ಲಿ ಹುಟ್ಟಿದ ಮಿಶ್ರತಳಿ ಕರು ದಿನಕ್ಕೆ 450 ಗ್ರಾಂ ಬೆಳೆದರೆ, ಗರ್ಭಕಟ್ಟಿಸಲು ಯೋಗ್ಯವಾದ 250 ಕೆ.ಜಿ. ಮುಟ್ಟಲು ಸುಮಾರು 16 ತಿಂಗಳು ಸಾಕು. ಒಂಬತ್ತು ತಿಂಗಳು ಗರ್ಭ ಸೇರಿದರೆ 25 ತಿಂಗಳಿಗೆ ಹಾಲು. ಅದೇ ಕರು ದಿನಕ್ಕೆ 250 ಗ್ರಾಂ ಮಾತ್ರ ಬೆಳೆದರೆ 250 ಕೆ.ಜಿ.ಗೆ 29 ತಿಂಗಳು, ಹಾಲಿಗೆ 38 ತಿಂಗಳು. ನಡುವೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹುಲ್ಲು ತಿಂದು, ಒಂದು ತೊಟ್ಟು ಹಾಲು ಕೊಡದೆ ನಿಂತ ಮಣಕ. ಒಂದು ಮನೆಯಲ್ಲಿ ಮಗಳು ಈ ಲೆಕ್ಕವನ್ನು ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದು ಅಪ್ಪನ ಮುಂದೆ ಹಿಡಿದಾಗ, ಆತ ಮಾತಾಡದೆ ಎದ್ದು ಹೋಗಿ ಕರುವಿಗೆ ಬೂಸಾ ಹಾಕಿದ್ದನ್ನು ನಾನು ನೋಡಿದ್ದೇನೆ. ಜಂತುನಾಶಕದ ಪ್ರಮಾಣವೂ ತೂಕದ ಮೇಲೆಯೇ ನಿಂತಿದೆ. ಹುಟ್ಟಿದ 10ರಿಂದ 15 ದಿನದೊಳಗೆ ಮೊದಲ ಸಲ, ಅನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡುವಾಗ ಕಣ್ಣಂದಾಜಿನಲ್ಲಿ ಕಡಿಮೆ ಹಾಕಿದರೆ ಜಂತು ಸಾಯದೆ ಔಷಧಿಗೆ ಒಗ್ಗಿಕೊಳ್ಳುತ್ತದೆ.

ಸಂಘದ ಕಡೆಯಿಂದ ಆಗಬೇಕಾದ್ದು ಹೆಚ್ಚಿಲ್ಲ. ಆಡಳಿತ ಮಂಡಳಿ ಸಭೆಯಲ್ಲಿ ಒಂದು ಠರಾವು ಮಾಡಿ, ಕಾಲೇಜಿನ ಪ್ರಾಂಶುಪಾಲರಿಗೆ ಪತ್ರ ಬರೆಯಿರಿ. ಶಿಬಿರದ ಹಳ್ಳಿಯ ಆಯ್ಕೆ ಬೇಗ ಆಗುವುದರಿಂದ ದಸರಾ ಮುಂಚೆಯೇ ಬರೆದರೆ ಒಳ್ಳೆಯದು. ಟೇಪು, ನೋಟ್ ಪುಸ್ತಕಗಳ ಖರ್ಚು ಸಂಘದ್ದು. ಹಾರ ಶಾಲುಗಳನ್ನು ಒಂದು ಸಲ ಬಿಟ್ಟರೆ ಆ ಹಣದಲ್ಲೇ ಬರುತ್ತದೆ. ಔಷಧಿ, ಲಸಿಕೆಗೆ ಪಶು ಆಸ್ಪತ್ರೆಯವರನ್ನು ಸೇರಿಸಿಕೊಳ್ಳಿ. ಶಿಬಿರ ಮುಗಿದ ಮೇಲೆ ತಿಂಗಳಿಗೊಂದು ಭಾನುವಾರ ಸ್ವಯಂಸೇವಕರು ಬಂದು ಅಳತೆ ತೆಗೆಯುವುದನ್ನು ಅವರ 120 ಗಂಟೆಗೆ ಸೇರಿಸಿಕೊಳ್ಳುವಂತೆ ಕಾರ್ಯಕ್ರಮಾಧಿಕಾರಿಗಳನ್ನು ಕೇಳಿ. ಅಂದು ಮಧ್ಯಾಹ್ನದ ಊಟ ಕರುವಿನ ಮನೆಯವರದ್ದು. ಊಟವಿಲ್ಲದೆ ಕಳಿಸಿದ ಮನೆಗೆ ಮಕ್ಕಳು ಮರುತಿಂಗಳು ಬರಲಾರರು, ಇದು ಅನುಭವದ ಮಾತು.

ಕೆಲವು ಎಚ್ಚರಿಕೆಗಳನ್ನು ಮಾತ್ರ ಮೀರಕೂಡದು. ಮಕ್ಕಳ ಕೈಗೆ ಸಿರಿಂಜು ಕೊಡಬೇಡಿ. ಪಶುಚಿಕಿತ್ಸೆಗೆ 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯ್ದೆಯಿದೆ. ಅದಕ್ಕಿಂತ ದೊಡ್ಡ ಮಾತು ಮಕ್ಕಳ ಆರೋಗ್ಯದ್ದು. ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುಗಳಿಗೆ ಒಮ್ಮೆ ಹಾಕುವ ಬ್ರುಸೆಲ್ಲಾ ಲಸಿಕೆಯಲ್ಲಿ ಜೀವಂತ ರೋಗಾಣು ಇರುತ್ತದೆ. ಸೂಜಿ ಚುಚ್ಚಿದರೆ, ಕಣ್ಣಿಗೆ ಸಿಡಿದರೆ ಮನುಷ್ಯರಿಗೂ ರೋಗ ಹತ್ತುತ್ತದೆ. ಲಸಿಕೆ ದಿನ ಮಕ್ಕಳು ದೂರ ನಿಂತು ಕಿವಿಯೋಲೆಯ 12 ಅಂಕಿಯ ಸಂಖ್ಯೆ ಬರೆದುಕೊಂಡರೆ ಸಾಕು. ಕಂದು ಹಾಕಿದ ಹಸುವಿನ ಹತ್ತಿರ, ಮಾಸಿನ ಹತ್ತಿರ ಬರಿಗೈಯಲ್ಲಿ ಹೋಗಕೂಡದು. ಹುಡುಗಿಯರನ್ನು ಒಬ್ಬೊಬ್ಬರಾಗಿ ದೂರದ ತೋಟದ ಮನೆಗಳಿಗೆ ಕಳಿಸಬೇಡಿ. ಸಂಘದ ಮಹಿಳಾ ಸದಸ್ಯರೊಬ್ಬರು ಜೊತೆಗಿರಲಿ.

ಇನ್ನೊಂದು ವಿಷಯ ಕೆಲವರಿಗೆ ಇಷ್ಟವಾಗದಿರಬಹುದು. ನಾನು ಹೋಗುವ ಸರ್ವ ಸದಸ್ಯರ ಸಭೆಗಳಲ್ಲಿ ಮುಂದಿನ ಸಾಲಿನಿಂದ ಕೊನೆಯ ಸಾಲಿನವರೆಗೆ ನೆರೆತ ತಲೆಗಳೇ. ಹಾಲು ಹಾಕಲು ಬೆಳಿಗ್ಗೆ ಕ್ಯಾನು ಹಿಡಿದು ಬರುವವನು ಮಗ, ಚೀಟಿಯಲ್ಲಿ ಕೊಬ್ಬಿನಂಶ ಓದುವವಳು ಸೊಸೆ. ಸದಸ್ಯತ್ವ ಮಾತ್ರ ಮನೆಯ ಹಿರಿಯರ ಹೆಸರಿನಲ್ಲಿ. ಹದಿನೆಂಟು ತುಂಬಿದವರು ಸದಸ್ಯರಾಗಬಹುದು. ಎರಡು ವರ್ಷ ಕರು ಸಾಕಿ ಲೆಕ್ಕ ಬರೆದ ಮಗುವಿಗೆ, ಅದರ ಹಾಲು ಮೊದಲ ಸಲ ಡೇರಿಗೆ ಬಂದ ದಿನ, ಉಪವಿಧಿಯ ನಿಯಮ ನೋಡಿಕೊಂಡು ಅವರದೇ ಹೆಸರಿನಲ್ಲಿ ಷೇರು ಕೊಡಿ. ಆಸ್ತಿ ಪಾಲಾಗುತ್ತದೆಂಬ ಹೆದರಿಕೆ ಬೇಡ, ಅದು ಒಂದು ಷೇರು ಅಷ್ಟೇ. ಮುಂದೆ ಹಾಲು ಪರೀಕ್ಷಕರ, ಕೃತಕ ಗರ್ಭಧಾರಣೆ ಕಾರ್ಯಕರ್ತರ ತರಬೇತಿಗೆ ಹೆಸರು ಕೇಳಿದಾಗ ಕಾರ್ಯದರ್ಶಿಗಳು ಆ ನೋಟ್ ಪುಸ್ತಕಗಳನ್ನು ತೆಗೆದು ನೋಡಲಿ. ಯಾರು ತಪ್ಪದೆ ಬರೆದಿದ್ದಾರೆ, ಯಾರ ಕರುವಿಗೆ ಜಂತುನಾಶಕದ ದಿನ ತಪ್ಪಿಲ್ಲ ಎಂಬುದು ಅಂಕಪಟ್ಟಿಗಿಂತ ಚೆನ್ನಾಗಿ ಅಲ್ಲಿ ಕಾಣುತ್ತದೆ.

ಕೊನೆಗೆ ಟೇಪಿನ ಬಗ್ಗೆ ಒಂದು ಸೂಚನೆ. ಬಟ್ಟೆಯ ಟೇಪು ನೆನೆದು ಒಣಗಿ ಎಳೆದಾಡಿದಂತೆ ಹಿಗ್ಗುತ್ತದೆ. ಹಿಗ್ಗಿದ ಟೇಪಿನಲ್ಲಿ ಅಂಗುಲ ಕಡಿಮೆ ಬಂದು, ಬೆಳೆದ ಕರುವೂ ಬೆಳೆದಿಲ್ಲವೆಂದು ಕಾಣುತ್ತದೆ. ಮೂರು ತಿಂಗಳಿಗೊಮ್ಮೆ ಬಡಗಿಯ ಮರದ ಅಳತೆಪಟ್ಟಿಗೆ ಹಿಡಿದು ನೋಡಿ, ಕಾಲು ಅಂಗುಲ ವ್ಯತ್ಯಾಸ ಬಂದರೂ ಹೊಸದನ್ನು ತನ್ನಿ.